ಬಲೆ ಅಲ್ಲಾಡಿತಲ್ಲ

ಹೇಳಿಬಿಡಬೇಕು, ಇವತ್ತು ಹೇಳಿಯೇ ಬಿಡಬೇಕು ಅಂದುಕೊಳ್ಳುತ್ತ ಅವಳು ಕೊಳೆ ಚಾದರಗಳ ಗಂಟೊಂದನ್ನು ಎತ್ತಿ, ಕತ್ತು ಕೂಡ ತಿರುಗಿಸದೆ, ಯಂತ್ರದ ತೆರೆದ ಬಾಯಿಗೆ ಎಸೆದಳು. ಗಂಟು ನೆಟ್ಟಗೆ ಒಳಗೆ ಹೋಗಿ ಕೂತಿತು. ಕೂರದೆ ಎಲ್ಲಿಗೆ ಹೋದೀತು? ಆಸ್ಪತ್ರೆಯ ಹಿಂಭಾಗದ ಈ ಬಟ್ಟೆ ಒಗೆಯುವ ಕೋಣೆಯಲ್ಲಿ ಅವಳು ಎಸೆದ ಗಂಟು ನೆಲಕ್ಕೆ ಬಿದ್ದದ್ದನ್ನು ಕಂಡವರಿಲ್ಲ. ದೂರದಿಂದ ಎಸೆದರೂ ಅಷ್ಟೆ, ಮಾತಾಡುತ್ತ ಎಸೆದರೂ ಅಷ್ಟೆ, ಸಿಟ್ಟಿನಲ್ಲಿ ಎಸೆದರಂತೂ ಇನ್ನೂ ನೇರ. "ಕೈಗೆ ಇಷ್ಟು ಗುರಿ ಕೊಟ್ಟ ದೇವರು ಕಾಲಿಗೆ ಯಾಕೆ ಹೀಗೆ ಮಾಡಿದ ಕಣೇ!" ಅಂತ ಜೊತೆಯಲ್ಲಿ ಚಾದರ ಮಡಿಸುವವಳು ಒಮ್ಮೆ ಅಂದು, ಅಂದ ಮೇಲೆ ನಾಲಿಗೆ ಕಚ್ಚಿಕೊಂಡಿದ್ದಳು. ಕಚ್ಚಿಕೊಂಡದ್ದೇ ಹೆಚ್ಚು ಚುಚ್ಚಿತು. ಅಂದದ್ದು ತಮಾಷೆಗೆ, ನಕ್ಕುಬಿಡಬಹುದಿತ್ತು. ನಾಲಿಗೆ ಕಚ್ಚಿಕೊಂಡ ಮೇಲೆ ಅದು ನಿಜವಾಗಿಬಿಟ್ಟಿತು. ಗೋಲು ಹೊಡೆಯಲಿ ಅಂತಲೇ ಎಲ್ಲರಿಗಿಂತ ಮುಂದೆ ನಿಲ್ಲಿಸಿದವಳು ಈ ವರ್ಷ ಪೂರ್ತಿ ಒಂದೇ ಒಂದು ಗೋಲು ಹೊಡೆದಿಲ್ಲ. ಇವತ್ತು ಮಧ್ಯಾಹ್ನ ಕೊನೆಯ ಪಂದ್ಯ. ಗೆದ್ದರೆ ತಂಡ ಮೇಲಿನ ಡಿವಿಷನ್ನಿಗೆ ಹೋಗುತ್ತದೆ. ಡ್ರಾ ಆದರೆ ಸಾಲದು, ಸೋತರೆ ಕೇಳುವುದೇ ಬೇಡ. ಮೇಲೆ ಹೋಗದಿದ್ದರೆ ಮುಂದಿನ ವರ್ಷದಿಂದ ಮೈದಾನವನ್ನು ಗಂಡುಹುಡುಗರ ತಂಡಕ್ಕೆ ಕೊಡುತ್ತೇವೆ ಅಂತ ಕ್ಲಬ್ಬಿನವರು ನಗುನಗುತ್ತಲೇ ಹೇಳಿ ಹೋಗಿದ್ದಾರೆ. ಮೈದಾನ ಇಲ್ಲ ಅಂದರೆ ತಂಡ ಇಲ್ಲ. ತಂಡ ಇಲ್ಲ ಅಂದರೆ ಈ ಹಬೆ, ಈ ಸೋಪಿನ ವಾಸನೆ, ಈ ಗಂಟುಗಳು ಮಾತ್ರ. ಹಾಗಾಗಬಾರದು ಅಂತಿದ್ದರೆ ಅವಳು ಆಡಬಾರದು, ಇದು ಸಣ್ಣ ಮಗುವಿಗೂ ಅರ್ಥವಾಗುವ ಮಾತು. ಕೋಚಿಗೆ ಹೇಳಬೇಕಾದ ವಾಕ್ಯವನ್ನು ಬೆಳಗಿನಿಂದ ಬಾಯಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದಳು. "ದೊಡ್ಡಕ್ಕ, ಇವತ್ತು ನನ್ನನ್ನ ಬಿಟ್ಟು ಆಡಿಸಿ." ಎಷ್ಟು ಚಿಕ್ಕ ವಾಕ್ಯ. ಆದರೂ ಗಂಟಲಿನಿಂದ ಕೆಳಕ್ಕೂ ಇಳಿಯದು, ಹೊರಕ್ಕೂ ಬಾರದು.

ಒಣಗಿ ಬಂದ ಬಟ್ಟೆಯ ರಾಶಿಯಲ್ಲಿ ಕೆಳಗಡೆ ತಂಡದ ಜರ್ಸಿಗಳಿದ್ದವು. ಅವನ್ನು ಒಗೆಯುವ ಕೆಲಸ ಸರದಿಯ ಮೇಲೆ ನಡೆಯುತ್ತಿದ್ದದ್ದು. ಅವಳೇ ಈ ವರ್ಷ ತನ್ನ ಮೇಲೆ ಹಾಕಿಕೊಂಡಳು. ಇಲ್ಲಿ ಯಂತ್ರ ಇದೆಯಲ್ಲ, ನನಗೇನು ಕಷ್ಟ ಅಂದಿದ್ದಳು. ಕಷ್ಟ ಇರಲಿ ಅಂತಲೇ ಯಂತ್ರಕ್ಕೆ ಹಾಕುವ ಮೊದಲು ಒಂದೊಂದನ್ನೂ ಕೈಯಲ್ಲಿ ಉಜ್ಜುತ್ತಿದ್ದದ್ದು ಬೇರೆ ಮಾತು. ಸಂಖ್ಯೆ ನೋಡದೆಯೇ ಯಾವ ಅಂಗಿ ಯಾರದು ಅಂತ ಹೇಳಬಲ್ಲಳು. ಎಡ ಸೊಂಟದ ಹತ್ತಿರ ಹುಲ್ಲಿನ ಹಸಿರು ಹತ್ತಿದ್ದರೆ ಅದು ಡ್ರೈವರಳದು, ಪಟ್ಟಣದ ಬಸ್ಸು ಓಡಿಸುವ ಹುಡುಗಿ, ಬಸ್ಸು ಓಡಿಸಿದ ಹಾಗೆಯೇ ಆಡುತ್ತಾಳೆ, ಯಾರು ಅಡ್ಡ ಬಂದರೂ ಬ್ರೇಕು ಹಾಕುವುದಿಲ್ಲ. ಮೊಣಕೈ ಎರಡೂ ಸವೆದದ್ದು ಗೋಡೆಯದು. ಗೋಲ್ ಕೀಪರಿಗೆ ಅವರೆಲ್ಲ ಇಟ್ಟ ಹೆಸರು ಗೋಡೆ. ಆ ಗೋಡೆ ನಿಂತಿರುವುದರಿಂದಲೇ ತಂಡ ಈ ವರ್ಷ ಸೋಲದೆ, ಗೆಲ್ಲಲೂ ಆಗದೆ, ಸೊನ್ನೆ ಸೊನ್ನೆ ಅಂತ ಡ್ರಾ ಮಾಡಿಕೊಳ್ಳುತ್ತ, ಆಗೊಮ್ಮೆ ಈಗೊಮ್ಮೆ ಯಾರೋ ಹೊಡೆದ ಒಂದು ಗೋಲಿನಿಂದ ಗೆದ್ದು, ಕುಂಟುತ್ತ ಇಲ್ಲಿಗೆ ಬಂದಿದೆ. ಎಲ್ಲರ ಅಂಗಿಗೂ ಏನೋ ಒಂದು ಗುರುತು. ತನ್ನ ಅಂಗಿ ಮಾತ್ರ ಹೊಸದರ ಹಾಗಿತ್ತು. ಇಲ್ಲ, ಅದಕ್ಕೂ ಒಂದು ಗುರುತಿತ್ತು. ಬಲ ತೋಳಿನ ಕೊನೆಯಲ್ಲಿ, ಮೊಣಕೈ ಹತ್ತಿರ, ಬಟ್ಟೆ ಜಗ್ಗಿ ಸಡಿಲವಾಗಿತ್ತು.

ಅದು ಹಿಡಿದೂ ಹಿಡಿದೂ ಆದದ್ದು. ಅವರ ತಂಡದಲ್ಲಿ ಒಂದು ರೂಢಿಯಿದೆ. ಯಾರೇ ತಪ್ಪಲಿ, ಪಾಸ್ ತಪ್ಪಲಿ, ಗೋಲು ತಪ್ಪಲಿ, ಕಾಲು ಜಾರಿ ಬೀಳಲಿ, ಹತ್ತಿರ ಇದ್ದವಳು ಓಡಿಬಂದು ಅವಳ ಮೊಣಕೈ ಹಿಡಿದು "ಆಗುತ್ತೆ, ಬಿಡು" ಅಂದು ಹೋಗಬೇಕು. ತಂಡಕ್ಕೆ ಆಟ ಕಲಿಸುವ ದೊಡ್ಡಕ್ಕ ಮಾಡಿದ ರೂಢಿ. ಬೆನ್ನು ತಟ್ಟೋದು ಬೇಡ, ಹೊಡೆದ ಹಾಗಿರುತ್ತೆ. ಹೆಗಲ ಮೇಲೆ ಕೈ ಹಾಕೋದು ಬೇಡ, ಸಾವಿನ ಮನೆ ನೆನಪಾಗುತ್ತೆ. ಮೊಣಕೈ ಹಿಡೀರಿ, ಅದಕ್ಕೆ ಯಾವ ಅರ್ಥವೂ ಇಲ್ಲ, ಅಂದಿದ್ದರು. ಉಳಿದವರಿಗೆ ಇದು ತಿಂಗಳಿಗೊಮ್ಮೆ ಬರುವ ಪಾಲು. ಅವಳಿಗೆ ಪ್ರತಿ ಪಂದ್ಯದಲ್ಲೂ, ಮತ್ತೆ ಮತ್ತೆ. ಕಣ್ಣು ಮುಚ್ಚಿಕೊಂಡಿದ್ದರೂ ಯಾರ ಕೈ ಅಂತ ತಿಳಿಯುತ್ತದೆ. ಡ್ರೈವರಳದು ಗಟ್ಟಿ ಅಂಗೈ, ಸ್ಟಿಯರಿಂಗ್ ಹಿಡಿದು ಕಾಯಿಗಟ್ಟಿದ್ದು. ಕ್ಯಾಪ್ಟನ್ನಿನದು ಬೆರಳ ತುದಿ ಮಾತ್ರ, ಶಾಲೆಯ ಟೀಚರ್ ಅವಳು, ಮಕ್ಕಳ ಉತ್ತರ ತಿದ್ದುವ ಹಾಗೆ ಮೆಲ್ಲಗೆ ಮುಟ್ಟುತ್ತಾಳೆ. ಒಬ್ಬಳಾದರೂ, ಒಂದು ಸಲವಾದರೂ, "ಕಣ್ಣು ಕಾಣಲ್ವೇನು ನಿನಗೆ?" ಅಂತ ಬೈಯಬಾರದೇ? ಬೈದಿದ್ದರೆ ಇವಳೂ ತಿರುಗಿ ಬೈಯಬಹುದಿತ್ತು, ಲೆಕ್ಕ ಚುಕ್ತಾ ಆಗುತ್ತಿತ್ತು. ಕ್ಷಮಿಸುವವರಿಗೆ ಏನಂತ ಬೈಯುವುದು? ಹೋದ ವಾರ ಎದುರಾಳಿ ಕೀಪರ್ ಜಾರಿ ಬಿದ್ದಿದ್ದಳು, ಗೋಲು ಬಾಗಿಲು ತೆಗೆದ ಮನೆಯ ಹಾಗೆ ಖಾಲಿ ನಿಂತಿತ್ತು, ಚೆಂಡು ಕಾಲ ಬುಡದಲ್ಲೇ ಇತ್ತು. ಹೊಡೆದಳು. ಚೆಂಡು ಮೇಲಿನ ಅಡ್ಡಪಟ್ಟಿ ದಾಟಿ, ಬೇಲಿ ದಾಟಿ, ರಸ್ತೆಯಲ್ಲಿ ನಿಂತ ಯಾರದೋ ಕಾರಿನ ಮೇಲೆ ದಢಾರ್ ಅಂತ ಬಿತ್ತು. ಕಾರಿನ ಯಜಮಾನ ಚೆಂಡನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಮೈದಾನದೊಳಕ್ಕೆ ಬಂದು, ಅಷ್ಟು ಜನರಲ್ಲಿ ನೇರ ಅವಳ ಹತ್ತಿರವೇ ನಡೆದು, "ನಿಮ್ಮದೇ ಅಲ್ವಾಮ್ಮಾ ಇದು?" ಅಂತ ತುಂಬ ಮರ್ಯಾದೆಯಿಂದ ಕೊಟ್ಟುಹೋದ. ಅವನೂ ಬೈಯಲಿಲ್ಲ. ಲೋಕವೆಲ್ಲ ಸೇರಿ ಅವಳ ಮೇಲೆ ಕರುಣೆ ತೋರಿಸುವುದು ಅಂತ ನಿರ್ಧಾರ ಮಾಡಿಕೊಂಡ ಹಾಗಿತ್ತು. ಅವತ್ತೂ ಡ್ರೈವರ್ ಓಡಿಬಂದು ಮೊಣಕೈ ಹಿಡಿದಿದ್ದಳು. "ಆಗುತ್ತೆ ಅಕ್ಕ, ಬಿಡು." ಅವಳ ಉಸಿರಿನಲ್ಲಿ ನಗು ಇತ್ತೇ ಅಂತ ಇವಳು ವಾರವಿಡೀ ಹುಡುಕಿ ನೋಡಿದ್ದಳು. ಇರಲಿಲ್ಲ. ಅದೇ ತೊಂದರೆ.

ಇದೆಲ್ಲದರ ಮೇಲೆ ಅತ್ತೆ. ಕೆಲಸ ಮುಗಿಸಿ ಮನೆಗೆ ಬಂದಾಗ ಅತ್ತೆ ಆಗಲೇ ತಯಾರಾಗಿ, ಮಡಿಸುವ ಸ್ಟೂಲನ್ನು ಬಾಗಿಲಿಗೆ ಒರಗಿಸಿಟ್ಟು, ಫ್ಲಾಸ್ಕಿಗೆ ಚಹಾ ತುಂಬುತ್ತಿದ್ದರು. ಬಿಸ್ಕತ್ತಿನ ಕಾರ್ಖಾನೆಯಲ್ಲಿ ಜೀವಮಾನವಿಡೀ ಪೊಟ್ಟಣ ಕಟ್ಟಿದ ಕೈ; ಇವತ್ತಿಗೂ ಯಾವುದನ್ನೂ ಚೆಲ್ಲದೆ ಸುರಿಯುತ್ತಾರೆ. "ಊಟ ಮಾಡಿದೆಯಾ? ಮಾಡಿಲ್ಲ. ಮುಖ ನೋಡಿದರೆ ಗೊತ್ತಾಗಲ್ವಾ. ಕೂತ್ಕೋ," ಅಂದು ತಟ್ಟೆ ಇಟ್ಟರು. "ಇವತ್ತು ಎಷ್ಟು ಹೊಡೀತೀಯ?"

"ನೋಡೋಣ ಅತ್ತೆ."

"ನೋಡೋಣ ಅಂತೆ! ಹೋದ ವಾರ ಒಂದೇ ಹೊಡೆದೆ. ಅದಕ್ಕೂ ಮುಂಚಿನ ವಾರ ಎರಡು. ಇವತ್ತು ಕೊನೇದು, ಕೈ ಬಿಗಿ ಹಿಡೀಬೇಡ."

ಅವಳು ತುತ್ತನ್ನು ಬಾಯಲ್ಲೇ ಇಟ್ಟುಕೊಂಡು ಕೂತಳು. ಅತ್ತೆಗೆ ಆಟದ ಬಗ್ಗೆ ಗೊತ್ತಿರುವುದು ಒಂದೇ ನಿಯಮ: ಬಲೆ ಅಲ್ಲಾಡಿದರೆ ಗೋಲು. ಹೊರಗಿನಿಂದ ಬಡಿದು ಅಲ್ಲಾಡಿದರೂ ಸರಿ, ಮೇಲಿನಿಂದ ಬಿದ್ದು ಅಲ್ಲಾಡಿದರೂ ಸರಿ. ಪ್ರತಿ ಪಂದ್ಯಕ್ಕೂ ಸ್ಟೂಲು ಹಿಡಿದು ಬಂದು, ಸೊಸೆ ಯಾವ ಕಡೆಗೆ ಹೊಡೆಯಬೇಕೋ ಆ ಗೋಲಿನ ಹಿಂದೆ ಕೂತು, ಬಲೆ ಅಲ್ಲಾಡಿದಾಗಲೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ಪಂದ್ಯ ಸೊನ್ನೆ ಸೊನ್ನೆ ಅಂತ ಮುಗಿದರೆ ಅದು ಸೀಟಿ ಊದುವವಳ ತಪ್ಪು: "ಆ ಹುಡುಗಿಗೆ ಲೆಕ್ಕ ಬರಲ್ಲ ಅನ್ಸುತ್ತೆ, ಪಾಪ." ಮೊದಲನೇ ಸಲ ಹೀಗಾದ ದಿನ ಅವಳು ಅಳು ನುಂಗಿಕೊಂಡು ಮನೆಗೆ ಬಂದಾಗ ಅತ್ತೆ ಮಗನ ಮುಂದೆ ಕೈಕಾಲು ಆಡಿಸಿ ಸೊಸೆ ಹೊಡೆದದ್ದನ್ನು ತೋರಿಸುತ್ತಿದ್ದರು, ಸೊಂಟ ನೋವು ಅಂತ ಬಗ್ಗದ ಹೆಂಗಸು ಕಾಲೆತ್ತಿ ಒದ್ದು ತೋರಿಸಿದರು. ಗಂಡ ಅವಳ ಕಡೆ ನೋಡಿ ಕಣ್ಣು ಮಿಟುಕಿಸಿದ. ಆಂಬುಲೆನ್ಸ್ ಓಡಿಸುವವನು ಅವನು, ಯಾವಾಗ ಏನು ಹೇಳಬಾರದು ಅಂತ ಗೊತ್ತು. ನಾಳೆ ಹೇಳಿದರಾಯಿತು ಅಂದುಕೊಂಡಳು. ಆ ನಾಳೆ ಬರಲಿಲ್ಲ, ಅಷ್ಟರಲ್ಲಿ ಬೀದಿಗೆಲ್ಲ ಸುದ್ದಿ ಹೋಯಿತು. ಮೂಲೆಯ ಟೈಲರ್ ಹೊಲಿಗೆ ನಿಲ್ಲಿಸಿ, "ಏನಮ್ಮಾ, ಈ ವಾರವೂ ಎರಡಂತೆ! ನಿಮ್ಮತ್ತೆ ಹೇಳಿದರು. ಭೇಷ್!" ಅಂದಾಗ ಅವಳು "ಹೂಂ" ಅಂದಿದ್ದಳು. ಆ ಹೂಂ ಇವತ್ತಿಗೂ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿದೆ. ಒಂದು ಮೈದಾನದಲ್ಲಿ ಗೋಲಿಲ್ಲದವಳು, ಒಂದು ಬೀದಿಯಲ್ಲಿ ಗೋಲುಗಳ ರಾಣಿ. ಎರಡರ ನಡುವೆ ಬಸ್ಸಿನ ದಾರಿ.

ಆ ಬಸ್ಸಿನಲ್ಲಿ ಅತ್ತೆ ಕಿಟಕಿಯ ಪಕ್ಕ, ಸ್ಟೂಲು ಮಡಿಲಲ್ಲಿ. ಇವಳು ಜರ್ಸಿಗಳ ಚೀಲ ಕಾಲ ಸಂದಿಯಲ್ಲಿ ಇಟ್ಟುಕೊಂಡು ಕೂತಿದ್ದಳು. ಈಗಲೇ ಹೇಳಿಬಿಟ್ಟರೆ? ಅತ್ತೆ, ನಾನು ಇವತ್ತು ಆಡಲ್ಲ, ಬೆಂಚಿನ ಮೇಲೆ ಕೂತಿರ್ತೀನಿ. ಯಾಕೆ ಅಂತಾರೆ. ಯಾಕೆಂದರೆ ನಾನು ಹೊಡೆದದ್ದು ಒಂದೂ ಗೋಲಲ್ಲ. ಅಷ್ಟು ದೊಡ್ಡ ಮಾತನ್ನು ಬಸ್ಸಿನಲ್ಲಿ ಹೇಳುವುದು ಹೇಗೆ, ಹಿಂದಿನ ಸೀಟಿನವನು ಬೇರೆ ಕಿವಿ ಇಟ್ಟುಕೊಂಡು ಕೂತಿದ್ದಾನೆ. ಅತ್ತೆ ಕಿಟಕಿಯಾಚೆ ನೋಡುತ್ತಲೇ ಅಂದರು: "ಅಷ್ಟು ದೂರದಲ್ಲಿ ಮುಂದೆ ನೀನೊಬ್ಬಳೇ ನಿಂತಿರ್ತೀಯಲ್ಲ, ಅದಕ್ಕೇ ನಾನು ಈ ಕಡೆ ಬಂದು ಕೂರೋದು. ನಿನ್ನವರೆಲ್ಲ ಹಿಂದೆ ಇರ್ತಾರೆ. ಮುಂದೆ ಒಬ್ಬರು ಬೇಡ್ವಾ ಗುರುತಿನವರು?" ಅವಳು ಚೀಲದ ಹಿಡಿಯನ್ನು ಸುಮ್ಮನೆ ಬಿಗಿಯಾಗಿ ಹಿಡಿದುಕೊಂಡಳು.

ಬಟ್ಟೆ ಬದಲಾಯಿಸುವ ಕೋಣೆ ಅಂದರೆ ಹಳೆಯ ಸಾಮಾನು ತುಂಬಿದ ಶೆಡ್ಡು. ಒಂದು ಉದ್ದ ಬೆಂಚು, ಗೋಡೆಗೆ ಮೊಳೆಗಳು, ಸೋರುವ ನಲ್ಲಿ. ಅವಳು ಎಲ್ಲರ ಅಂಗಿಗಳನ್ನೂ ಅವರವರ ಮೊಳೆಗೆ ಹಾಕಿ, ತನ್ನದನ್ನು ಮಾತ್ರ ಚೀಲದಲ್ಲೇ ಬಿಟ್ಟು, ಹೊರಗೆ ನೆಲದ ಮೇಲೆ ಕೂತು ಚೆಂಡಿಗೆ ಗಾಳಿ ಹಾಕುತ್ತಿದ್ದ ದೊಡ್ಡಕ್ಕನ ಹತ್ತಿರ ಹೋಗಿ ನಿಂತಳು. ಬಾಯಲ್ಲಿದ್ದ ವಾಕ್ಯ ಬಂತು. ಬೆಳಗಿನಿಂದ ತಯಾರು ಮಾಡಿದ್ದರೂ ತಲೆಕೆಳಗಾಗಿ ಬಂತು. "ನನ್ನನ್ನ ಬಿಟ್ಟು... ದೊಡ್ಡಕ್ಕ, ಇವತ್ತು. ಆಡಿಸಿ."

ದೊಡ್ಡಕ್ಕ ಪಂಪು ನಿಲ್ಲಿಸಲಿಲ್ಲ. "ಹೊಟ್ಟೆನೋವಾ?"

"ಅಲ್ಲ."

"ಮತ್ತೆ?"

"ನಾನು ಹೊಡೆಯಲ್ಲ ದೊಡ್ಡಕ್ಕ. ನಿಮಗೂ ಗೊತ್ತು. ಇವತ್ತು ಒಂದು ಗೋಲು ಬೇಕೇ ಬೇಕು. ನನ್ನ ಜಾಗದಲ್ಲಿ ಯಾರಾದರೂ ನಿಂತರೆ..."

ದೊಡ್ಡಕ್ಕ ಚೆಂಡನ್ನು ಒಮ್ಮೆ ಒತ್ತಿ ನೋಡಿ, ಪಕ್ಕಕ್ಕಿಟ್ಟು, ಮಂಡಿ ಹಿಡಿದುಕೊಂಡು ಎದ್ದರು. ಅವರು ಎದ್ದು ನಿಲ್ಲುವುದಕ್ಕೆ ಹೊತ್ತು ಬೇಕು. ಆ ಹೊತ್ತಿನಲ್ಲಿ ಅವಳು ಸರಿ ಅನ್ನಲಿ ಅಂತಲೂ ಬೇಡಿಕೊಂಡಳು, ಅನ್ನದಿರಲಿ ಅಂತಲೂ ಬೇಡಿಕೊಂಡಳು. "ಈ ವರ್ಷ ಪ್ರತಿ ಪಂದ್ಯದಲ್ಲೂ ನಿನ್ನ ಹಿಂದೆ ಅವರ ಇಬ್ಬರು ಡಿಫೆಂಡರುಗಳು ಓಡ್ತಾರೆ. ನೋಡಿದ್ದೀಯಾ?"

"ಹೂಂ."

"ಗೋಲು ಹೊಡೆಯದವಳ ಹಿಂದೆ ಇಬ್ಬರು ಯಾಕೆ ಓಡ್ತಾರೆ? ನೀನು ಹೊಡೆಯಲ್ಲ ಅಂತ ಅವರಿಗೆ ಗೊತ್ತಿಲ್ಲ ಕಣಮ್ಮಾ. ಅದು ನಿನಗೊಬ್ಬಳಿಗೇ ಗೊತ್ತು." ಹೋಗಿ ಅಂಗಿ ಹಾಕ್ಕೋ ಅನ್ನುವ ಹಾಗೆ ಗದ್ದ ಎತ್ತಿದರು. ಒಳಗೆ ಹೋದರೆ ಅವಳ ಅಂಗಿ ಅವಳ ಮೊಳೆಯ ಮೇಲೆ ತೂಗುತ್ತಿತ್ತು. ಯಾರು ಚೀಲದಿಂದ ತೆಗೆದು ಹಾಕಿದರೋ, ಯಾರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಗೋಡೆ ಕೈಗವಸಿನ ಪಟ್ಟಿಯನ್ನು ಹಲ್ಲಿನಲ್ಲಿ ಎಳೆಯುತ್ತ ಇವಳಿಗೆ ಕೂರಲು ಜಾಗ ಬಿಟ್ಟಳು.

ಆಟ ಶುರುವಾದ ಮೇಲೆ ಇಬ್ಬರು ಹಿಂದೆ ಬಂದರು, ನಿಜ. ಒಬ್ಬಳು ಎತ್ತರದವಳು, ಒಬ್ಬಳು ಸದಾ ಏನೋ ಗೊಣಗುವವಳು. ಅವಳು ಎಡಕ್ಕೆ ಹೋದರೆ ಎಡಕ್ಕೆ, ನೀರು ಕುಡಿಯಲು ಗೆರೆಯ ಹತ್ತಿರ ಹೋದರೆ ಅಲ್ಲಿಗೂ. ಮೊದಲು ತಮಾಷೆ ಅನಿಸಿತು. ಆಮೇಲೆ ಪಾಪ ಅನಿಸಿತು: ಏನೂ ಇಲ್ಲದ ಮನೆಗೆ ಇಬ್ಬರು ಕಾವಲು. ಮೊದಲರ್ಧದ ನಡುವೆ ಎಲ್ಲಿಂದಲೋ ಚೆಂಡು ಬಂತು, ಹೇಗೋ ತಿರುಗಿದಳು, ಹೊಡೆದಳು, ಚೆಂಡು ಕಂಬದ ಹೊರಗಿನಿಂದ ಹೋಗಿ ಪಕ್ಕದ ಬಲೆಗೆ ಬಡಿಯಿತು. ಬಲೆ ಚೆನ್ನಾಗಿಯೇ ಅಲ್ಲಾಡಿತು. ಮೈದಾನ ಗಪ್ಪಾಯಿತು. ಆ ಗಪ್ಪಿನಲ್ಲಿ ಒಂದೇ ಒಂದು ಚಪ್ಪಾಳೆ, ಒಂಟಿ, ನಿಧಾನ, ಹೆಮ್ಮೆಯ ಚಪ್ಪಾಳೆ. ಎದುರಾಳಿ ಕೀಪರ್, ಮೀಸೆ ಮೂಡದ ಹುಡುಗನಂತಹ ಮುಖದ ಚಿಕ್ಕ ಹುಡುಗಿ, ಹಿಂದೆ ತಿರುಗಿ "ಅಜ್ಜೀ, ಅದು ಹೊರಗೆ ಹೋಯ್ತು" ಅಂದಳು. "ನೀನು ಸುಮ್ನಿರಮ್ಮಾ! ಬಲೆ ಅಲ್ಲಾಡಿತಲ್ಲ!" ಅಂದರು ಅತ್ತೆ. ಯಾರೋ ನಕ್ಕರು. ಗೊಣಗುವವಳೂ ನಕ್ಕಳು. ಅವಳಿಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ಕೈಯೆತ್ತಿ "ಸಾರಿ" ಅಂತ ತನ್ನವರಿಗೆ ಹೇಳಿ ಹಿಂದೆ ಓಡತೊಡಗಿದಳು. ಮೊಣಕೈಗೆ ಗಟ್ಟಿ ಅಂಗೈ ಬಂತು. "ಆಗುತ್ತೆ ಅಕ್ಕ, ಬಿಡು." ಬಿಡು, ಬಿಡು. ಎಷ್ಟು ಅಂತ ಬಿಡಲಿ?

ಹಾಫ್ ಟೈಮಿನಲ್ಲಿ ಗೋಲು ಬದಲಾಯಿತು, ಅತ್ತೆಯೂ ಬದಲಾದರು. ಒಂದು ಕೈಯಲ್ಲಿ ಸ್ಟೂಲು, ಒಂದು ಕೈಯಲ್ಲಿ ಫ್ಲಾಸ್ಕು, ಗೆರೆಯ ಹೊರಗೆ ಅಷ್ಟುದ್ದಕ್ಕೂ ನಡೆದು ಆ ಕೊನೆಗೆ ಹೋಗುತ್ತಿದ್ದರು. ಎಲ್ಲರೂ ಜಾಗಕ್ಕೆ ಬಂದು ನಿಂತರೂ ಅತ್ತೆ ಇನ್ನೂ ಅರ್ಧ ದಾರಿಯಲ್ಲಿದ್ದರು. ರೆಫರಿ ಹುಡುಗಿ ಸೀಟಿಯನ್ನು ಬಾಯಿಗಿಟ್ಟುಕೊಂಡು, ಊದದೆ, ಮುದುಕಿ ಹೋಗಿ ಸ್ಟೂಲು ಬಿಡಿಸಿ ಕೂರುವವರೆಗೆ ಕಾದಳು. ಲೆಕ್ಕ ಬಾರದ ಹುಡುಗಿ, ಪಾಪ. ಇವಳು ಅತ್ತ ಕಡೆಯೇ ನೋಡುತ್ತ ನಿಂತಳು. ಈ ಆಟ, ಅಲ್ಲಲ್ಲಿ ಹುಲ್ಲು ಸವೆದ ಈ ಮೈದಾನ, ತನ್ನ ಬೆನ್ನ ಹಿಂದೆ ಉಸಿರು ಬಿಡುವ ಇಬ್ಬರು, ಸ್ಟೂಲು ಹೊತ್ತು ನಡೆಯುವ ಈ ಹೆಂಗಸು, ಇದೆಲ್ಲ ಇವತ್ತು ಸಂಜೆಗೆ ಇಲ್ಲವಾಗಬಹುದು. ಇಲ್ಲವಾದರೆ ಅದಕ್ಕೆ ಕಾರಣ ತಾನು ಅನ್ನುವ ಯೋಚನೆ ಎಂದಿನ ಹಾಗೆ ಬಂತು. ಅದರ ಬೆನ್ನಿಗೇ, ಇಷ್ಟು ದಿನ ಇತ್ತಲ್ಲ ಅನ್ನುವುದೂ ಬಂತು, ಅದು ಹೊಸದು. ಇಷ್ಟು ದಿನ ಇತ್ತು. ಯಾರೂ ನನ್ನನ್ನು ಹೋಗು ಅನ್ನಲಿಲ್ಲ.

ಎರಡನೇ ಅರ್ಧದಲ್ಲಿ ಮುಕ್ಕಾಲು ಪಾಲು ಗೋಡೆಯೇ ಆಡಿದಳು. ಬಿದ್ದು, ಹಾರಿ, ಮುಖಕ್ಕೆ ಚೆಂಡು ತಿಂದು, ಒಮ್ಮೆ ಕಾಲಿನಿಂದ, ಒಮ್ಮೆ ಯಾವುದರಿಂದ ಅಂತ ಅವಳಿಗೇ ಗೊತ್ತಿಲ್ಲದೆ ತಡೆದಳು. ಗಡಿಯಾರ ಯಾರ ಮುಖವನ್ನೂ ನೋಡದೆ ಓಡಿತು. ಹೀಗೇ ಮುಗಿಯುತ್ತದೆ ಅನ್ನುವಾಗ ಕ್ಯಾಪ್ಟನ್ ಎತ್ತರಕ್ಕೆ ಒದ್ದ ಚೆಂಡು ಆಕಾಶದಲ್ಲಿ ಸುಮ್ಮನೆ ನಿಂತ ಹಾಗೆ ನಿಂತು ಕೆಳಗಿಳಿಯಿತು. ಅವಳು ಓಡಿದಳು, ಇಬ್ಬರೂ ಓಡಿಬಂದರು, ಎತ್ತರದವಳ ಮೊಣಕಾಲು ತೊಡೆಗೆ ಬಡಿಯಿತು, ಗೊಣಗುವವಳು ಅಂಗಿ ಹಿಡಿದಳು. ಬೀಳುತ್ತ ಬೀಳುತ್ತ, ಕತ್ತು ತಿರುಗಿಸದೆ, ಯೋಚಿಸದೆ, ಗಂಟು ಎಸೆದ ಹಾಗೆ ಒದ್ದಳು. ಠಣ್ ಅಂತ ಸದ್ದಾಯಿತು. ಕಂಬ. ಮತ್ತೆ ಕಂಬ. ಅವಳು ನೋಡಲಿಲ್ಲ. ನೋಡುವುದೇನಿದೆ? ಎದ್ದು, ಗೋಲಿಗೆ ಬೆನ್ನು ಹಾಕಿ, ಕೈಯೆತ್ತಿ "ಸಾರಿ" ಅಂದು, ತನ್ನ ಕಡೆಗೆ ನಡೆಯತೊಡಗಿದಳು. ನಡೆಯುತ್ತ, ತನಗೇ ಅರಿವಿಲ್ಲದೆ, ಬಲ ಮೊಣಕೈಯನ್ನು ಸ್ವಲ್ಪ ಹೊರಗೆ ಚಾಚಿದಳು.

ಯಾರೂ ಬರಲಿಲ್ಲ. ಬೆನ್ನ ಹಿಂದೆ ಎದ್ದ ಕೂಗು ಎದುರಾಳಿಗಳ ಖುಷಿಯದು ಅಂದುಕೊಂಡಳು. ಇನ್ನೆರಡು ಹೆಜ್ಜೆ ಇಟ್ಟಳು. ಮೊಣಕೈ ಹಾಗೇ ಚಾಚಿಕೊಂಡಿತ್ತು. ಕ್ಯಾಪ್ಟನ್ ಎದುರಿಗೇ ಓಡಿಬಂದಳು, ಇವಳ ಕಡೆ ನೋಡದೆ ಪಕ್ಕದಲ್ಲಿ ಹಾದುಹೋದಳು. ಇನ್ನೊಬ್ಬಳು ಹೋದಳು. ಕೊನೆಗೂ ಸಾಕಾಯಿತು ಇವರಿಗೆ, ಅಂದುಕೊಂಡಳು. ವರ್ಷವಿಡೀ ಬೇಡಿದ್ದು ಇದನ್ನೇ ತಾನೇ, ಯಾರಾದರೂ ಒಬ್ಬರು ಬೇಸರಪಟ್ಟುಕೊಳ್ಳಲಿ ಅಂತ. ಈಗ ಎಲ್ಲರೂ ಒಟ್ಟಿಗೆ ಪಟ್ಟುಕೊಂಡರು. ಮೊಣಕೈಗೆ ಗಾಳಿ ತಾಗಿ ತಣ್ಣಗಾಯಿತು. ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟು ದೊಡ್ಡ ಒಂಟಿತನ ಹಿಡಿಸುತ್ತದೆ ಅಂತ ಅವಳಿಗೆ ಗೊತ್ತಿರಲಿಲ್ಲ. ಬನ್ನಿ, ಅಂತ ಒಳಗೇ ಯಾರೋ ಕೂಗಿದ ಹಾಗಾಯಿತು, ಇನ್ನೊಂದು ಸಲ ಬನ್ನಿ, ನಾನು ಬೇಡ ಅನ್ನಲ್ಲ. ಆಗ ಕಂಡದ್ದು ಗೋಡೆ. ಆ ಕೊನೆಯಿಂದ, ತನ್ನ ಗೋಲನ್ನು ಹಾಗೇ ಬಿಟ್ಟು, ಕೈಗವಸು ಎರಡನ್ನೂ ತಲೆಯ ಮೇಲೆ ಆಡಿಸುತ್ತ, ಹುಚ್ಚಿಯ ಹಾಗೆ ಓಡಿಬರುತ್ತಿದ್ದಳು. ಅಳುತ್ತಿದ್ದಳು. ನಗುತ್ತಲೂ ಇದ್ದಳು. ಇವಳು ತಿರುಗಿ ನೋಡಿದಳು.

ಚೆಂಡು ಬಲೆಯೊಳಗಿತ್ತು. ಬಲೆಯ ಮುಂದೆ ಹುಡುಗಿಯರ ರಾಶಿ, ರಾಶಿಯ ಅಡಿಯಲ್ಲಿ ಡ್ರೈವರಳ ಎರಡು ಕಾಲು. ಕಂಬಕ್ಕೆ ಬಡಿದು ಹಿಂದೆ ಬಂದ ಚೆಂಡು ಖಾಲಿ ಜಾಗದಲ್ಲಿ ಬಿದ್ದಿತ್ತು. ಆ ಜಾಗ ಖಾಲಿಯಿದ್ದದ್ದು ಯಾಕೆಂದರೆ ಅಲ್ಲಿರಬೇಕಾದ ಇಬ್ಬರು ಅವಳ ಮೇಲೆ ಬಿದ್ದಿದ್ದರು. ಡ್ರೈವರ್ ಬ್ರೇಕು ಹಾಕದೆ ಬಂದು ಒಳಕ್ಕೆ ಒದ್ದಿದ್ದಳು. ಒಂದು ಕ್ಷಣ, ಸುಳ್ಳು ಯಾಕೆ, ಹೊಟ್ಟೆ ಚೂರು ಉರಿಯಿತು. ನನ್ನದಾಗಬಹುದಿತ್ತು, ಕಂಬ ಒಂದು ಬೆರಳು ಪಕ್ಕಕ್ಕಿದ್ದಿದ್ದರೆ. ಆ ಉರಿ ಆರುವ ಮೊದಲೇ ಕಾಲುಗಳು ಓಡುತ್ತಿದ್ದವು. ರಾಶಿಯ ಮೇಲೆ ಹೋಗಿ ಬಿದ್ದಳು. ಯಾರೂ ಅವಳನ್ನು ಗಮನಿಸಲಿಲ್ಲ, ಯಾರದೋ ಮಂಡಿ ಪಕ್ಕೆಗೆ ತಿವಿಯಿತು, ಯಾರೋ ಕಿವಿಯಲ್ಲೇ ಕಿರುಚಿದರು. ಈ ವರ್ಷದಲ್ಲಿ ಮೊದಲ ಸಲ ಯಾರೂ ಅವಳ ಮುಖ ನೋಡಿ ಹೇಗಿದ್ದಾಳೆ ಅಂತ ಅಳೆಯಲಿಲ್ಲ. ಎಷ್ಟು ಹಗುರ! ಬಲೆಯಾಚೆ ಅತ್ತೆ ಮಾತ್ರ ಸ್ಟೂಲಿನ ಮೇಲೆ ಕೂತೇ ಇದ್ದರು, ಕೈ ಮಡಿಲಲ್ಲಿಟ್ಟುಕೊಂಡು.

ಉಳಿದ ಹೊತ್ತು ಅವಳು ಮುಂದೆ ನಿಲ್ಲಲೇ ಇಲ್ಲ. ಗೋಡೆಯ ಮುಂದೆ ಹೋಗಿ ನಿಂತು ಬಂದದ್ದನ್ನೆಲ್ಲ ಒದ್ದು ಓಡಿಸಿದಳು, ಒಂದನ್ನಂತೂ ಮತ್ತೆ ರಸ್ತೆಗೇ ಕಳಿಸಿದಳು, ಈ ಸಲ ಎಲ್ಲರೂ "ಭೇಷ್ ಅಕ್ಕ!" ಅಂದರು. ಕೊನೆಯ ಸೀಟಿ ಬಿತ್ತು. ದೊಡ್ಡಕ್ಕ ನೆಲದ ಮೇಲೆ ಕೂತವರು ಏಳಲಾರದೆ, ಅಲ್ಲಿಂದಲೇ ಅವಳ ಕಡೆ ಎರಡು ಬೆರಳು ತೋರಿಸಿದರು. ಇಬ್ಬರು. ಅವಳಿಗೆ ತಿಳಿಯಿತು. ಕ್ಲಬ್ಬಿನವರು ಬಂದು ನಗುನಗುತ್ತಲೇ ಕೈಕುಲುಕಿದರು. ಹುಡುಗಿಯರು ಡ್ರೈವರಳನ್ನು ಹೊತ್ತುಕೊಂಡು ಶೆಡ್ಡಿನವರೆಗೆ ಕುಣಿದರು. ಮೇಲಿನಿಂದ ಅವಳು, "ಬಾಲ್ ಅಕ್ಕಂದು! ಅಕ್ಕಂದು ಬಾಲ್!" ಅಂತ ಕೂಗುತ್ತಿದ್ದಳು, ಯಾರೂ ಕೇಳಿಸಿಕೊಳ್ಳಲಿಲ್ಲ. ತನ್ನದನ್ನು ಮೈಮೇಲೇ ಬಿಟ್ಟು, ಬೆವರಿನಲ್ಲಿ ನೆನೆದ ಉಳಿದ ಅಂಗಿಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬುವಾಗ ಅವಳಿಗೆ ಮುಂದಿನ ವರ್ಷವೂ ಇವನ್ನು ಒಗೆಯಬಹುದಲ್ಲ ಅಂತ ಸಂತೋಷವಾಯಿತು.

ಹಿಂದಿರುಗುವ ಬಸ್ಸಿನಲ್ಲಿ ಅತ್ತೆ ಸ್ಟೂಲನ್ನು ಎದೆಗೆ ಅವಚಿಕೊಂಡು ಮುಖ ಊದಿಸಿಕೊಂಡಿದ್ದರು. ಆಸ್ಪತ್ರೆಯ ನಿಲ್ದಾಣ ದಾಟಿದ ಮೇಲೆ ಅವಳೇ ಕೇಳಿದಳು. "ಯಾಕತ್ತೆ? ಗೆದ್ದೆವಲ್ಲ."

"ಗೆದ್ದಿರಿ. ಸಂತೋಷ. ಆದರೆ ನ್ಯಾಯ ಅನ್ನೋದು ಒಂದು ಬೇಡ್ವಾ?" ಅತ್ತೆ ಕಾದು ಕೂತಿದ್ದವರ ಹಾಗೆ ತಿರುಗಿದರು. "ಆ ಹುಡುಗಿ ಒಂದೇ ಒಂದು ಹೊಡೆದಳು, ಅದಕ್ಕೆ ಹೊತ್ತು ಕುಣಿದರು. ನೀನು ವರ್ಷವಿಡೀ ಹೊಡೆದೆ. ನಿನ್ನನ್ನ ಯಾರು ಹೊತ್ತರು? ಚಪ್ಪಾಳೆ ಕೂಡ ನಾನೊಬ್ಬಳೇ ತಟ್ಟಿದ್ದು!"

ಇನ್ನು ಮುಂದಕ್ಕೆ ಹಾಕಲು ನಾಳೆ ಉಳಿದಿರಲಿಲ್ಲ. "ನಾನು ಒಂದೂ ಹೊಡೆದಿಲ್ಲ ಅತ್ತೆ," ಅಂದಳು. "ಚೆಂಡು ಒಳಗೆ ಹೋಗಬೇಕು. ನಾನು ಹೊಡೆದದ್ದು ಹೊರಗಡೆಯಿಂದ ಬಲೆಗೆ ತಾಗ್ತಿತ್ತು. ಅದು ಲೆಕ್ಕಕ್ಕಿಲ್ಲ. ಈ ವರ್ಷ ನಂದು ಒಂದೂ ಇಲ್ಲ." ಹೇಳಿದ್ದಾಯಿತು. ಹಿಂದಿನ ಸೀಟಿನವರು ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ.

ಅತ್ತೆ ಅವಳ ಮುಖವನ್ನೇ ನೋಡಿದರು. ನಂಬಲಿಲ್ಲ. "ಮತ್ತೆ ಆ ಹುಡುಗೀರು ಪ್ರತಿ ಸಲ ಓಡಿಬಂದು ನಿನ್ನ ಕೈ ಹಿಡ್ಕೋತಿದ್ದರಲ್ಲ? ನಾನೇ ನೋಡಿದ್ದೀನಿ. ಹತ್ತಿರದಲ್ಲೇ ಕೂತಿರ್ತೀನಲ್ಲ. ಮೆಚ್ಚದೆ ಹಾಗೆ ಮಾಡ್ತಾರಾ ಯಾರಾದರೂ?"

"ಅದು ಮೆಚ್ಚಿ ಅಲ್ಲ ಅತ್ತೆ. ತಪ್ಪಿಸಿದಾಗ ಹಾಗೆ ಮಾಡೋದು."

"ತಪ್ಪಿಸಿದಾಗ?"

"ಹೂಂ."

ಅತ್ತೆ ಕಿಟಕಿಯ ಕಡೆ ತಿರುಗಿದರು. ಬಸ್ಸು ಎಲ್ಲೋ ನಿಂತು, ಯಾರನ್ನೋ ಇಳಿಸಿ, ಮತ್ತೆ ಹೊರಟಿತು. "ನಮ್ಮ ಕಾರ್ಖಾನೆಯಲ್ಲಿ ಯಾರ ಕೈಯಿಂದಾದರೂ ತಟ್ಟೆ ಬಿದ್ದು ಬಿಸ್ಕತ್ತು ಚೆಲ್ಲಿದರೆ, ಪಕ್ಕದಲ್ಲಿ ಇದ್ದವರೆಲ್ಲ ದೂರ ಸರಿದುಬಿಡ್ತಿದ್ವಿ," ಅಂದರು, ಕಿಟಕಿಗೆ ಹೇಳುವವರ ಹಾಗೆ. "ಸಾಹೇಬರು ಬಂದು ಯಾರು ಅಂತ ಕೇಳ್ತಾರಲ್ಲ, ಅದಕ್ಕೆ. ನಾನೂ ಸರೀತಿದ್ದೆ. ನನ್ನ ಕೈಯಿಂದ ಬಿದ್ದಾಗ ನನ್ನ ಸುತ್ತಲೂ ಯಾರೂ ಇರ್ತಿರಲಿಲ್ಲ." ಆಮೇಲೆ ಇವಳ ಕಡೆ ತಿರುಗಿ ಕೇಳಿದರು. "ವರ್ಷವಿಡೀ ತಪ್ಪಿಸಿದೆಯಾ?"

"ವರ್ಷವಿಡೀ."

"ಅವರು ವರ್ಷವಿಡೀ ಓಡಿಬಂದರಾ?"

"ಬಂದರು ಅತ್ತೆ."

"ಒಂದು ಸಲವೂ ತಪ್ಪದೆ?"

ಅವಳು ಹೂಂ ಅನ್ನಲು ಬಾಯಿ ತೆರೆದಳು. ಗಟ್ಟಿ ಅಂಗೈ, ಬೆರಳ ತುದಿ, ಮಣ್ಣು ಮೆತ್ತಿದ ಕೈ, ಬೆವರಿನ ಕೈ, ಓಡಿ ಓಡಿ ಏದುಸಿರು ಬಿಡುತ್ತ, ಅಷ್ಟು ದೂರದಿಂದ ಓಡಿಬಂದ ಕೈಗಳು. ಯಾರೂ ಅವಳನ್ನು ಕ್ಷಮಿಸುತ್ತಿರಲಿಲ್ಲ. ಜೊತೆಗೆ ಬಂದು ನಿಲ್ಲುತ್ತಿದ್ದರು, ಅಷ್ಟೆ. ಹೂಂ ಬರಲಿಲ್ಲ, ಅಳು ಬಂತು. ಬಸ್ಸಿನಲ್ಲೇ, ಚೀಲದ ಮೇಲೆ ತಲೆಯಿಟ್ಟು, ಆ ಕೊಳೆ ಅಂಗಿಗಳ ವಾಸನೆಯಲ್ಲಿ ಮುಖ ಮುಚ್ಚಿ ಅತ್ತಳು, ನಾಚಿಕೆ ಬಿಟ್ಟು ಅತ್ತಳು. ಅತ್ತೆ ಮಡಿಲಿನ ಸ್ಟೂಲನ್ನು ಕಾಲ ಬಳಿ ಇಳಿಸಿ, ಕೈ ಚಾಚಿ, ಅವಳ ಬಲ ಮೊಣಕೈಯನ್ನು ಹುಡುಕಿ ಹಿಡಿದುಕೊಂಡರು, ಜಗ್ಗಿ ಸಡಿಲವಾದ ಆ ಬಟ್ಟೆಯ ಮೇಲೇ.

"ಹಾಗಾದರೆ ನಾನು ಚಪ್ಪಾಳೆ ತಟ್ಟಿದ್ದು ಸರಿಯಾಗೇ ಇತ್ತು, ಬಿಡು," ಅಂದರು. ತಮ್ಮ ನಿಲ್ದಾಣ ಬರುವವರೆಗೂ ಅತ್ತೆ ಆ ಕೈ ತೆಗೆಯಲಿಲ್ಲ.